ಸುಳ್ಳು ಏರಿಯಲ್

ಬಂದರಿನ ವೈರ್‌ಲೆಸ್ ಸ್ಟೇಷನ್ ಅಂದರೆ ಯಾರೂ ಅರಮನೆ ಊಹಿಸಿಕೊಳ್ಳಬಾರದು. ಎರಡು ಕೋಣೆ, ಒಂದು ಕಬ್ಬಿಣದ ಕಂಬ, ಕಂಬದಿಂದ ಕಿಟಕಿಗೆ ಇಳಿದು ಬಂದ ಏರಿಯಲ್ ತಂತಿ, ಇಷ್ಟೇ. ಮುಂದಿನ ಕೋಣೆಯಲ್ಲಿ ಯಂತ್ರ, ಹಿಂದಿನ ಕೋಣೆಯಲ್ಲಿ ಬ್ಯಾಟರಿಗಳ ಸಾಲು. ಯಂತ್ರದ ಮುಂದೆ ಒಂದು ಕುರ್ಚಿ. ಆ ಕುರ್ಚಿ ಅಣ್ಣನದು ಎಂದು ಗೋಡೆಗೆ ತೂಗುಹಾಕಿದ ಲೈಸೆನ್ಸ್ ಹೇಳುತ್ತದೆ. ಅದರಲ್ಲಿ ಹನ್ನೊಂದು ವರ್ಷದಿಂದ ಕೂತು ಸವೆದವಳು ಮಾತ್ರ ತಂಗಿ. ಹಾಜರಿ ಪುಸ್ತಕದಲ್ಲಿ ಅವಳ ಕೆಲಸ ಕಚೇರಿ ಗುಡಿಸುವುದು ಎಂದಿದೆ. ಗುಡಿಸುತ್ತಾಳೆ, ಇಲ್ಲವೆಂದಲ್ಲ. ಹಡಗಿನ ಕಪ್ತಾನರೋ ಮೇಲಿನ ಕಚೇರಿಯವರೋ ಮೆಟ್ಟಿಲು ಹತ್ತುವ ಸದ್ದಾದರೆ ಸಾಕು, ಕಿವಿಯ ಹೆಡ್‌ಫೋನು ಅಣ್ಣನ ತಲೆಗೆ ಹಾರುತ್ತದೆ, ಮೂಲೆಯ ಪೊರಕೆ ಅವಳ ಕೈಗೆ ಬರುತ್ತದೆ. ಅಷ್ಟು ಚುರುಕಾಗಿ ಗುಡಿಸುವವಳು ಎಲ್ಲೂ ಇಲ್ಲ ಎಂದು ಬಂದವರು ಹೊಗಳಿಯೂ ಹೋಗಿದ್ದಾರೆ.

ಅಣ್ಣನಿಗೆ ಕಿವಿ ಕೇಳಿಸುವುದಿಲ್ಲ. ವರ್ಷಗಟ್ಟಲೆ ಹೆಡ್‌ಫೋನಿನ ಕಿರುಚಾಟ ಕೇಳಿ ಕೇಳಿ ಅರ್ಧ ಹೋಗಿತ್ತು, ಉಳಿದರ್ಧವನ್ನು ಒಂದು ಜ್ವರ ಒಯ್ದಿತು. ಊರಿನವರಿಗೆ ಇದು ಗೊತ್ತಾಗಲಿಲ್ಲವೇ ಎಂದರೆ, ಕರೆದರೂ ತಿರುಗದವನನ್ನು ಊರು ಮೊದಲು ಜಂಬದವನು ಅನ್ನುತ್ತದೆ, ಕಿವುಡ ಅನ್ನುವುದು ಆಮೇಲೆ. ಅಣ್ಣನಿಗೆ ಮೊದಲೇ ಜಂಬ ಇದ್ದದ್ದರಿಂದ ವಿಷಯ ಅಲ್ಲಿಗೇ ನಿಂತಿತು. ಗುಟ್ಟು ಗೊತ್ತಿದ್ದವರು ಮೂವರು: ಅಣ್ಣ, ತಂಗಿ, ಅತ್ತಿಗೆ.

"ಒಂದು ವಾರ ಅಷ್ಟೇ ಪುಟ್ಟಿ," ಎಂದಿದ್ದ ಅಣ್ಣ ಆಗ. "ಕಿವಿ ಸರಿಹೋಗೋ ತನಕ ಕೇಳಿ ಬರ್ಕೊಡು. ಕೀ ನಾನೇ ಒತ್ತುತೀನಿ."

ಅವಳಿಗೆ ಮೋರ್ಸ್, ಅಂದರೆ ಕೀ ಒತ್ತಿ ಕಳಿಸುವ ಚುಕ್ಕೆ ಗೆರೆಗಳ ಭಾಷೆ, ಬರುತ್ತಿತ್ತು. ಅಣ್ಣ ಪರೀಕ್ಷೆಗೆ ಓದುತ್ತಿದ್ದ ಕಾಲದಲ್ಲಿ ಚಮಚದಿಂದ ತಟ್ಟೆಗೆ ಬಡಿದು ಚುಕ್ಕೆ ಗೆರೆಗಳನ್ನು ಅಭ್ಯಾಸ ಮಾಡುತ್ತಿದ್ದ. ಗೋಡೆಯ ಆಚೆ ಕೂತ ಏಳು ವರ್ಷದ ತಂಗಿ ಅದನ್ನು ಓದಿ ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದಳು. ಹಾಗಾಗಿ ಆ ವಾರ ಹೇಗೋ ಕಳೆಯಿತು. ಮುಂದಿನ ವಾರವೂ ಕಳೆಯಿತು. ಆದರೆ ಆಚೆಯವರು ನಡುವೆ ಬಾಯಿ ಹಾಕಿದರೆ ಅಣ್ಣನಿಗೆ ತಿಳಿಯದು, ಅವನು ಒತ್ತುತ್ತಲೇ ಇರುತ್ತಿದ್ದ. ಕೊನೆಗೆ ಕೀಯೂ ಅವಳ ಕೈಗೇ ಬಂತು. ವಾರ ಅಂದದ್ದು ಹನ್ನೊಂದು ವರ್ಷವಾಯಿತು. ನಡುವೆ ಅವಳಿಗೆ ಎರಡು ಸಂಬಂಧ ಬಂದಿದ್ದವು. ಎರಡೂ ಒಳ್ಳೆಯವೇ. ಎರಡಕ್ಕೂ ಅಣ್ಣ ಏನೋ ಒಂದು ಕೊಂಕು ತೆಗೆದ, ಏನು ಕೊಂಕು ಎಂದು ಅವಳು ಕೇಳಲಿಲ್ಲ. ಅವಳು ಹೋದರೆ ಕೇಳಿಸಿಕೊಳ್ಳುವವರು ಯಾರು ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ಸಿಟ್ಟು ಅವಳಲ್ಲಿ ಇನ್ನೂ ಇದೆ.

ಇಲ್ಲಿ ಕೈಯ ವಿಚಾರ ಹೇಳಬೇಕು. ಬಾಯಿಮಾತಿಗೆ ದನಿ ಇರುವ ಹಾಗೆ ಮೋರ್ಸ್‌ಗೆ ಕೈ. ಚುಕ್ಕೆ, ಗೆರೆ ಎಲ್ಲರಿಗೂ ಒಂದೇ. ಆದರೆ ಒಬ್ಬ ಅವಸರ ಮಾಡುತ್ತಾನೆ, ಒಬ್ಬ ತಡವರಿಸುತ್ತಾನೆ, ಹಳಬರು ನಾಲ್ಕು ಅಕ್ಷರ ಕೇಳಿದರೆ ಒತ್ತುವವನು ಯಾರೆಂದು ಹೇಳಿಬಿಡುತ್ತಾರೆ. ಅಣ್ಣನ ಕೈಗೆ ಒಂದು ಚಟ ಇತ್ತು. ಪ್ರತಿ ಮಾತಿನ ಕೊನೆಯ ಗೆರೆಯನ್ನು ಅವನು ಉದ್ದಕ್ಕೆ ಎಳೆಯುತ್ತಿದ್ದ. ಅದಕ್ಕೇ ಆ ತೀರದ ಆಪರೇಟರುಗಳೆಲ್ಲ ಅವನನ್ನು ರಾಗಣ್ಣ ಎಂದು ಕರೆಯುತ್ತಿದ್ದರು. ತಂಗಿ ಕೀ ಹಿಡಿದಾಗ ಆ ರಾಗವನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಿಡಿದಳು. ಹಿಡಿಯಲೇಬೇಕಿತ್ತು. ರಾಗಣ್ಣ ಬದಲಾದದ್ದು ಗಾಳಿಯಲ್ಲಿ ಕೇಳುತ್ತಿದ್ದ ಒಬ್ಬರಿಗೂ ತಿಳಿಯಲಿಲ್ಲ.

ಈಗ ಅವಳಿಗೆ ನಲವತ್ತೊಂದು. ಆಪರೇಟರ್ ಪರೀಕ್ಷೆಗೆ ಕೂರಲು ನಲವತ್ತೆರಡು ಮೀರಬಾರದು ಎಂಬ ನಿಯಮ. ಅಣ್ಣನ ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಅವನು ಇಳಿದ ದಿನ ಸರ್ಕಾರಿ ಮನೆ ಹೋಗುತ್ತದೆ, ಕುರ್ಚಿ ಹೋಗುತ್ತದೆ, ಪೊರಕೆಯೂ ಹೋಗುತ್ತದೆ. ಹದಿನೈದು ವರ್ಷ ಯಂತ್ರ ನಡೆಸಿದ ಹೆಂಗಸಿಗೆ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಲೈಸೆನ್ಸ್ ಸಿಕ್ಕರೆ ಎರಡನೇ ಆಪರೇಟರ್ ಎಂದು ಅದೇ ಸ್ಟೇಷನ್ನಿನಲ್ಲಿ ಕೂರಬಹುದು. ಈ ಸಲ ತಪ್ಪಿದರೆ ಇನ್ನೊಂದು ಸಲ ಎಂಬುದಿಲ್ಲ.

"ಇರೋ ಗೂಡಿಗೆ ಕಲ್ಲು ಹೊಡೀಬೇಡ ಕಣೇ," ಎಂದಳು ಅತ್ತಿಗೆ. "ಆ ಪರೀಕ್ಷಕ ನಿನ್ನ ಕೈ ಗುರುತು ಹಿಡಿದ ಅಂದ್ರೆ ನಿಮ್ಮಣ್ಣನ ಲೈಸೆನ್ಸ್ ಕಿತ್ಕೊಳ್ತಾರೆ. ನಾಲ್ಕು ವರ್ಷ ಮೊದಲೇ ಪಾತ್ರೆ ಪಗಡೆ ಬೀದಿಗೆ. ನಿನಗೇನು, ಒಂಟಿ ಜೀವ."

ಅತ್ತಿಗೆ ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಪರೀಕ್ಷಕರು ಬೇರೆ ಯಾರೂ ಅಲ್ಲ, ದೊಡ್ಡ ಸ್ಟೇಷನ್ನಿನ ಮುಖ್ಯಸ್ಥರು. ದಿನಾ ಬೆಳಿಗ್ಗೆ ಏಳಕ್ಕೆ ಹವಾಮಾನದ ವರದಿ ತೆಗೆದುಕೊಳ್ಳುವವರು ಅವರೇ. ಅವರ ಕೈ ಎಷ್ಟು ಸಮ ಎಂದರೆ ಎಲ್ಲರೂ ಅವರನ್ನು ಗಡಿಯಾರ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಆ ಗಡಿಯಾರ ಬೆಳಿಗ್ಗೆ ಬೆಳಿಗ್ಗೆ ರಾಗಣ್ಣನ ಕೈಯನ್ನೇ ಕೇಳುತ್ತಿತ್ತು.

ಅಣ್ಣ ಮೂರು ದಿನ ಮುಖ ಊದಿಸಿಕೊಂಡಿದ್ದ. ನಾಲ್ಕನೆಯ ದಿನ, "ಹಾವೂ ಸಾಯಬೇಕು, ಕೋಲೂ ಮುರೀಬಾರದು. ಒಂದೇ ದಾರಿ," ಎಂದ. "ನಿನಗೆ ಇನ್ನೊಂದು ಕೈ ಕಲಿಸ್ತೀನಿ. ಪುಸ್ತಕದ ಕೈ. ಹೊಸಬರ ಥರ, ಮರಗಟ್ಟಿದ ಕೈ. ಪರೀಕ್ಷೇಲಿ ಅದರಲ್ಲಿ ಒತ್ತು."

ಸಂಜೆ ಐದರ ವರದಿ ಮುಗಿದ ಮೇಲೆ ಪಾಠ. ಯಂತ್ರದ ಪಕ್ಕದ ಗೋಡೆಯಲ್ಲಿ ಒಂದು ದೊಡ್ಡ ಲಿವರ್ ಇತ್ತು. ಮೇಲಕ್ಕೆ ಎತ್ತಿದರೆ ಯಂತ್ರ ಕಂಬದ ತಂತಿಗೆ ಸೇರುತ್ತದೆ, ಒತ್ತಿದ ಮಾತು ಸಮುದ್ರದ ಮೇಲೆ ಹೋಗುತ್ತದೆ. ಕೆಳಕ್ಕೆ ಇಳಿಸಿದರೆ ಯಂತ್ರ ಒಂದು ತಗಡಿನ ಪೆಟ್ಟಿಗೆಗೆ ಸೇರುತ್ತದೆ. ಪೆಟ್ಟಿಗೆಯ ಮೇಲೆ ನಾಲ್ಕು ಬಲ್ಬು. ಒತ್ತಿದ್ದೆಲ್ಲ ಆ ಬಲ್ಬುಗಳಲ್ಲಿ ಉರಿದು ಬಿಸಿಯಾಗಿ ಅಲ್ಲೇ ಮುಗಿಯುತ್ತದೆ, ಒಂದಕ್ಷರವೂ ಹೊರಗೆ ಹೋಗುವುದಿಲ್ಲ. ಇದಕ್ಕೆ ಸುಳ್ಳು ಏರಿಯಲ್ ಎಂದು ಹೆಸರು. ಕಲಿಯುವವರ ತಪ್ಪು ಊರಿಗೆಲ್ಲ ಕೇಳದಿರಲಿ ಎಂದು ಮಾಡಿದ್ದು. ಎರಡು ತಿಂಗಳು ತಂಗಿ ಆ ಪೆಟ್ಟಿಗೆಯೊಂದಿಗೇ ಮಾತಾಡಿದಳು. ಪಾಠ ಇರಲಿ ಬಿಡಲಿ, ದಿನದ ಕೆಲಸ ಮುಗಿದ ಮೇಲೆ ಲಿವರ್ ಕೆಳಗೇ ಇರುತ್ತಿತ್ತು, ಅದು ಸ್ಟೇಷನ್ನಿನ ಹಳೆಯ ಪದ್ಧತಿ. ಬೆಳಿಗ್ಗೆ ಬಂದವಳು ಬ್ಯಾಟರಿಯ ಆಸಿಡ್ ನೋಡಿ, ಕಿಟಕಿಯಲ್ಲಿ ತಂತಿ ಹಿಡಿದ ಪಿಂಗಾಣಿ ಬಿಲ್ಲೆಯ ಮೇಲಿನ ಉಪ್ಪು ಒರೆಸಿ, ಲಿವರ್ ಎತ್ತಿ, ಆಮೇಲೆ ಹೆಡ್‌ಫೋನು ಹಾಕುತ್ತಿದ್ದಳು. ಅದೊಂದು ಅವಳ ನಿತ್ಯದ ಕ್ರಮ.

ಥಿಯರಿ ಪಾಠದಲ್ಲಿ ಅಣ್ಣನಿಗೆ ಸರಸ್ವತಿಯೇ ನಾಲಗೆಯ ಮೇಲೆ ಬಂದು ಕೂರುತ್ತಿದ್ದಳು. ಕಿವುಡನಾದ್ದರಿಂದ ದನಿ ಮಾತ್ರ ಬೀದಿಗೆ ಕೇಳುವಷ್ಟು.

"ಪುಸ್ತಕದವರು ನೀರಿನ ಕೊಳಾಯಿ ಅಂತ ಬರೀತಾರೆ. ಬಿಡು ಅದನ್ನ. ರೆಸಿಸ್ಟೆನ್ಸ್ ಅಂದ್ರೆ ನಿನ್ನ ಅತ್ತಿಗೆ. ಯಾವ ವಿಷಯ ಅವಳ ಮೂಲಕ ಹೋದ್ರೂ ಬಿಸಿ ಏಳುತ್ತೆ. ಕೆಪಾಸಿಟರ್ ಅಂದ್ರೆ ನಮ್ಮಪ್ಪ. ಜಗಳ ಮುಗೀತು, ಸ್ವಿಚ್ ಆರಿಸಿದೀವಿ ಅಂತ ಹತ್ತಿರ ಹೋದ್ರೆ ಅರ್ಧ ಗಂಟೆ ಆದ್ಮೇಲೂ ಪಟ್ ಅಂತ ಹೊಡೀತಿದ್ದ. ಅದಕ್ಕೇ ಮುಟ್ಟೋ ಮುಂಚೆ ಖಾಲಿ ಮಾಡ್ಬೇಕು. ಕಾಯಿಲ್ ಅಂದ್ರೆ ನಾನು. ನಡೀತಿರೋದು ಹಾಗೇ ನಡೀಲಿ ಅನ್ನುತ್ತೆ. ಬದಲಾಯಿಸೋಕೆ ಹೋದ್ರೆ ತಿರುಗಿ ಬೀಳುತ್ತೆ."

ತಂಗಿ ನಕ್ಕಳು. ಅಣ್ಣನೊಂದಿಗೆ ಮಾತಾಡಲು ಅವಳಿಗೊಂದು ರೀತಿ ಇತ್ತು: ಅವನ ಮಣಿಕಟ್ಟಿನ ಮೇಲೆ ಬೆರಳಿನಿಂದ ಮೋರ್ಸ್ ತಟ್ಟುವುದು. ಊಟದ ಹೊತ್ತಿಗೂ ಹಾಗೆಯೇ ನಡೆಯುತ್ತಿತ್ತು. "ನನ್ನ ಮೇಲೆ ಏನು ಚಾಡಿ ತಟ್ತಾ ಇದೀಯೇ?" ಎಂದು ಅತ್ತಿಗೆ ಸೌಟು ಹಿಡಿದು ಕೇಳುತ್ತಿದ್ದಳು.

"ಮತ್ತೆ ನಾನು?" ಎಂದು ತಟ್ಟಿದಳು.

ಅಣ್ಣ ಯೋಚಿಸಲೂ ಇಲ್ಲ. "ನೀನು ವೈರು. ಯಾರ ಮಾತೇ ಆಗ್ಲಿ, ನಿನ್ನಲ್ಲಿ ಹಾಯ್ದು ಹೋಗುತ್ತೆ. ಒಳ್ಳೇ ವೈರು ತನ್ನದು ಅಂತ ಏನೂ ಇಟ್ಕೊಳ್ಳಲ್ಲ."

ಅವನು ಹೊಗಳಿಕೆ ಎಂದೇ ಹೇಳಿದ್ದು. ಅವಳಿಗೆ ಮಾತ್ರ ಆ ಮಾತು ಎದೆಗೆ ನಾಟಿತು. ಅವತ್ತಿನ ಪಾಠ ಅವಳಿಗೆ ಒಂದಿಷ್ಟೂ ತಲೆಗೆ ಹತ್ತಲಿಲ್ಲ.

ಹೊಸ ಕೈ ಕಲಿಯುವುದು ಥಿಯರಿಗಿಂತ ಕಷ್ಟವಾಯಿತು. ಚೆನ್ನಾಗಿ ಹಾಡುವವಳಿಗೆ ಅಪಸ್ವರ ಕಲಿಸಿದ ಹಾಗೆ. ಹತ್ತು ಮಾತು ಮರಗಟ್ಟಿದಂತೆ ಒತ್ತಿದರೆ ಹನ್ನೊಂದನೆಯದರಲ್ಲಿ ಕೈ ತಾನಾಗಿ ರಾಗ ಎಳೆಯುತ್ತಿತ್ತು. ಅಣ್ಣ ಮೇಜಿನ ಹಲಗೆಯ ಮೇಲೆ ಬೆರಳ ತುದಿ ಊರಿ ಕೂರುತ್ತಿದ್ದ. ಕೀಯ ಅದುರು ಹಲಗೆಯಲ್ಲಿ ಅವನಿಗೆ ಸಿಗುತ್ತಿತ್ತು. ರಾಗ ಬಂತೋ, ಸ್ಕೇಲಿನಿಂದ ಅವಳ ಗೆಣ್ಣಿಗೆ ಒಂದು ಪೆಟ್ಟು. ನಲವತ್ತೊಂದರ ಹೆಂಗಸು ಗೆಣ್ಣು ಉಜ್ಜಿಕೊಂಡು ಮತ್ತೆ ಒತ್ತುತ್ತಿದ್ದಳು. ಬಲ್ಬುಗಳು ಮಿಣಮಿಣ ಉರಿದು ಆರುತ್ತಿದ್ದವು. ಕೊನೆಯ ವಾರ ಪೂರ್ತಿ ಒಂದೂ ಪೆಟ್ಟು ಬೀಳಲಿಲ್ಲ.

ಪರೀಕ್ಷೆ ಇದ್ದದ್ದು ದೊಡ್ಡ ಸ್ಟೇಷನ್ನಿನ ಮೇಲಿನ ಮಹಡಿಯಲ್ಲಿ. ಏಳರ ವರದಿ ಕಳಿಸಿ, ಲಿವರ್ ಇಳಿಸಿ, ಬಸ್ಸು ಹಿಡಿದು ಹೋದಳು. ಬೆಳಿಗ್ಗೆ ಲಿಖಿತ ಪರೀಕ್ಷೆ: ಇಷ್ಟು ವೋಲ್ಟಿಗೆ ಇಷ್ಟು ಓಮ್ ಇದ್ದರೆ ಎಷ್ಟು ಆಂಪಿಯರ್, ಎರಡು ಕಾಯಿಲ್ ಸಾಲಾಗಿ ಜೋಡಿಸಿದರೆ ಏನು, ಫ್ಯೂಸ್ ಯಾಕೆ. ಅತ್ತಿಗೆಯನ್ನೂ ಅಪ್ಪನನ್ನೂ ನೆನೆದು ನೆನೆದು ಬರೆದಳು. ಜೊತೆಗಿದ್ದ ಹುಡುಗ ಹುಡುಗಿಯರು ಪೆನ್ನು ಕಚ್ಚುತ್ತಿದ್ದಾಗ ಇವಳದು ಮುಗಿದಿತ್ತು.

ಮಧ್ಯಾಹ್ನ ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ಗಡಿಯಾರವನ್ನು ಅವಳು ಕಣ್ಣಾರೆ ನೋಡಿದ್ದು ಅದೇ ಮೊದಲು. ಉದ್ದನೆ ಮೂಗಿನ, ಕಡ್ಡಿಯಂಥ ಮನುಷ್ಯ; ಒಂದು ಮಂಡಿಯನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ಆ ಮಂಡಿಯ ನೋವಿನ ಕತೆಯೆಲ್ಲ ಅವಳಿಗೆ ಬಾಯಿಪಾಠ. ಎರಡು ವರ್ಷದಿಂದ ಹವಾಮಾನದ ವರದಿಯ ಬಾಲಕ್ಕೆ ಅದೂ ಬರುತ್ತಿತ್ತು. ಈಗ ಹೇಗಿದೆ ಎಂದು ಕೇಳಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

"ಏರಿಯಲ್ಲು ಯಂತ್ರಕ್ಕೆ ಸರಿಯಾಗಿ ಹೊಂದದೆ ಇದ್ರೆ ಏನಾಗುತ್ತಮ್ಮ?"

"ಕಳಿಸಿದ್ದು ಪೂರ್ತಿ ಹೊರಗೆ ಹೋಗಲ್ಲ ಸರ್. ಒಂದಷ್ಟು ತಿರುಗಿ ನಮ್ಮ ಮೇಲೇ ಬರುತ್ತೆ. ಯಂತ್ರ ಬಿಸಿಯಾಗುತ್ತೆ. ತುಂಬಾ ದಿನ ಹಾಗೇ ನಡೆಸಿದ್ರೆ ಸುಟ್ಟುಹೋಗುತ್ತೆ."

"ಪುಸ್ತಕದಲ್ಲಿ ಹೀಗಿಲ್ಲವಲ್ಲ."

"ಗುಡಿಸೋವಾಗ ನೋಡಿದೀನಿ ಸರ್."

ಅವರು ಮೂಗಿನಲ್ಲೇ ನಕ್ಕು ಅಂಕ ಹಾಕಿದರು. ಆಮೇಲೆ ಕೀ. ಮೇಜಿನ ಎರಡು ಬದಿಗೆ ಎರಡು ಕೀ, ನಡುವೆ ಒಂದು ಬಜರ್. ಅವರು ಕೊಟ್ಟ ಹಾಳೆಯನ್ನು ಅವಳು ಒತ್ತಬೇಕು. ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಹಾಳೆಯಲ್ಲಿ ಇದ್ದದ್ದು ಗಾಳಿ, ಅಲೆ, ಮೋಡದ ವರದಿ. ದಿನಾ ರಾಗ ಎಳೆಯುವ ಮಾತುಗಳೇ. ಗೆಣ್ಣಿನ ಮೇಲೆ ಸ್ಕೇಲು ನಿಂತಿದೆ ಎಂದುಕೊಂಡು ಒಂದೊಂದೇ ಅಕ್ಷರ ಒತ್ತಿದಳು. ಒಂದೂ ತಪ್ಪಿಲ್ಲ, ಒಂದೂ ರಾಗವಿಲ್ಲ. ಯಾವ ಹಳ್ಳಿಯ ಪೋಸ್ಟ್ ಆಫೀಸಿನ ಹೊಸ ಗುಮಾಸ್ತನೋ ಅನ್ನಬೇಕು, ಹಾಗಿತ್ತು.

"ಪರವಾಗಿಲ್ಲ. ಒಣಕಲು ಕೈ, ಆದ್ರೆ ಶುದ್ಧ," ಎಂದರು ಗಡಿಯಾರ. ಪಾಸಾಯಿತು ಎಂದೇ ಅರ್ಥ. ತಂಗಿಯ ಕಣ್ಣಲ್ಲಿ ನೀರು ತುಂಬಿತು. ಅವರು ಹಾಳೆ ಜೋಡಿಸಿಕೊಳ್ಳುತ್ತಾ, ಕೆಲಸ ಮುಗಿದಾಗ ಪ್ರತಿಯೊಬ್ಬ ಆಪರೇಟರನೂ ಮಾಡುವ ಹಾಗೆ, ಎಡಗೈಯಿಂದ ತಮ್ಮ ಕೀ ಮೇಲೆ ವಿದಾಯದ ತಾಳ ಹೊಡೆದರು: ಟಕ್, ಟಕಟಕ, ಟಕ್. ಬೇಕೆಂದು ಮಾಡಿದ್ದಲ್ಲ, ಮೂವತ್ತು ವರ್ಷದ ಅಭ್ಯಾಸ. ಆ ತಾಳಕ್ಕೆ ಆಚೆ ಕಡೆಯವರು ಎರಡು ಚುಕ್ಕೆಯ ಉತ್ತರ ಕೊಡುವುದು ಪದ್ಧತಿ. ರಾಗಣ್ಣ ಮಾತ್ರ ಎರಡು ಚುಕ್ಕೆ ಹೊಡೆದು ಅದರ ಹಿಂದೆ ಒಂದು ಉದ್ದ ಗೆರೆ ಎಳೆಯುತ್ತಿದ್ದ.

ತಂಗಿಯ ಕೈ ಉತ್ತರ ಕೊಟ್ಟುಬಿಟ್ಟಿತು. ಟಕ್, ಟಕ್, ಮತ್ತು ಆ ಎಳೆತ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ; ಹನ್ನೊಂದು ವರ್ಷದ ಹಿಂದೆ ಕಡ ತಂದ ಗುಣವೂ ಹೋಗುವುದಿಲ್ಲ. ಬಜರಿನ ಸದ್ದು ನಿಂತಮೇಲೆ ಅವಳು ಕೀಯಿಂದ ಕೈಯನ್ನು ಹಿಂದಕ್ಕೆಳೆದು ಮಡಿಲಲ್ಲಿ ಬಚ್ಚಿಟ್ಟುಕೊಂಡಳು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

ಗಡಿಯಾರ ಎದ್ದು ಕುಂಟುತ್ತಾ ಹೋಗಿ ಬಾಗಿಲು ಹಾಕಿ ಬಂದರು.

"ಎಷ್ಟು ವರ್ಷ?"

"ಹನ್ನೊಂದು ಸರ್."

"ಅವನಿಗೆ?"

"ಕೇಳ್ಸಲ್ಲ."

ಅವರು ಮಂಡಿ ಉಜ್ಜಿಕೊಂಡರು. "ನನ್ನ ಮಂಡಿ ಪುರಾಣ ಎಲ್ಲಾ ನಿಮಗೇ ಹೇಳಿದ್ದಾ ನಾನು?"

"ಬಿಸಿನೀರಿನ ಶಾಖ ಕೊಡಿ ಅಂದಿದ್ದೂ ನಾನೇ ಸರ್."

ಅವರಿಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. "ಪ್ರತಿ ವರ್ಷ ಅವನ ಕಿವಿ ಪರೀಕ್ಷೆಯ ಸರ್ಟಿಫಿಕೇಟಿಗೆ ಸೈನು ಹಾಕೋನು ನಾನು. ಕರೆಸಿ ಪರೀಕ್ಷೆ ಮಾಡ್ಬೇಕು ಅಂತ ನಿಯಮ. ದಿನಾ ಬೆಳಿಗ್ಗೆ ಮಾತಾಡ್ತೀನಲ್ಲ, ಇದಕ್ಕಿಂತ ಪರೀಕ್ಷೆ ಬೇಕಾ ಅಂತ ನೋಡದೇ ಹಾಕಿದೆ. ಹನ್ನೊಂದು ಸಲ." ಹಣೆ ಒತ್ತಿಕೊಂಡರು. "ನಿಮ್ಮನ್ನ ಪಾಸ್ ಮಾಡಿದ್ರೆ ನಾಳೆಯಿಂದ ನಿಮ್ಮ ಹೆಸರಲ್ಲಿ ಕೂತು ಒತ್ತುತೀರ. ಒಂದು ದಿನ, ಎರಡು ದಿನ ಈ ಒಣಕಲು ಕೈ. ಮೂರನೇ ದಿನ ರಾಗ ಬರುತ್ತೆ. ಇಡೀ ತೀರಕ್ಕೆ ಗೊತ್ತಾಗುತ್ತೆ. ಆಗ ಮೂವರ ಬದುಕು ಹಾಳು. ನನ್ನದೂ ಸೇರಿ."

"ಇದು ನನ್ನ ಕೊನೇ ಅವಕಾಶ ಸರ್."

"ಗೊತ್ತಮ್ಮ," ಎಂದು ಅವರು ಫಾರಂ ಎಳೆದುಕೊಂಡರು. ಥಿಯರಿ ನೂರಕ್ಕೆ ತೊಂಬತ್ತೊಂದು. ಮೌಖಿಕ ಉತ್ತಮ. ಕೊನೆಯ ಸಾಲಿನಲ್ಲಿ ಪೆನ್ನು ಸ್ವಲ್ಪ ತಡೆಯಿತು, ಆಮೇಲೆ ಬರೆಯಿತು: ಕೀ ಒತ್ತುವಿಕೆ, ಅನುತ್ತೀರ್ಣ. "ಹೇಗೆ ನಡೀತಿತ್ತೋ ಹಾಗೇ ನಡೀಲಿ. ನಾನು ಏನೂ ಕೇಳಿಸ್ಕೊಂಡಿಲ್ಲ."

ಬಸ್ಸಿನಲ್ಲಿ ಅವಳಿಗೆ ಅಳು ಬರಲಿಲ್ಲ. ಬೋನಿಗೆ ಬಾಗಿಲಿಲ್ಲ ಎಂದು ಗೊತ್ತಿದ್ದ ಇಲಿ ಹೇಗೋ ಬದುಕುತ್ತದೆ. ಬಾಗಿಲು ತೆರೆದು, ಮೂತಿ ಹೊರಗಿಟ್ಟ ಮೇಲೆ ಮುಚ್ಚಿದರೆ ಆ ಸಂಕಟ ಬೇರೆ.

ಮನೆಯಲ್ಲಿ ಅತ್ತಿಗೆ ಫಾರಂ ನೋಡಿ ಮೊದಲು ನಿಟ್ಟುಸಿರು ಬಿಟ್ಟಳು. "ಹೋಗ್ಲಿ ಬಿಡು. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು," ಎಂದು ನೀರು ತಂದುಕೊಟ್ಟಳು. ಅವಳಿಗೆ ನಾದಿನಿಯ ಮೇಲೆ ಕರುಣೆ ಇಲ್ಲದಿಲ್ಲ, ಮನೆಯ ಮೇಲೆ ಅದಕ್ಕಿಂತ ಹೆಚ್ಚು.

ಅಣ್ಣ ಫಾರಮ್ಮನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ತಂಗಿ ಅವನ ಮಣಿಕಟ್ಟಿನ ಮೇಲೆ ನಡೆದದ್ದನ್ನೆಲ್ಲ ತಟ್ಟಿದಳು: ತಾಳ, ಉತ್ತರ, ಸರ್ಟಿಫಿಕೇಟು, ಎಲ್ಲ. ಅವನ ಕಣ್ಣು ಮಾತ್ರ ಕೊನೆಯ ಸಾಲಿನಲ್ಲೇ ಸಿಕ್ಕಿಕೊಂಡಿತ್ತು.

"ಒತ್ತುವಿಕೆ ಅನುತ್ತೀರ್ಣ," ಎಂದು ಮನೆ ನಡುಗುವಂತೆ ಓದಿದ. "ನನ್ನ ಕೈ ಕಲಿತವಳನ್ನ ಒತ್ತೋದ್ರಲ್ಲಿ ಫೇಲ್ ಮಾಡ್ತಾನಾ? ಈ ತೀರದಲ್ಲಿ ನನ್ನ ಕೈಗೆ ಸಮ ಇನ್ನೊಂದು ಕೈ ಇದೆಯಾ?"

ನೋಡಿ, ಮನುಷ್ಯನ ಜಂಬ ಎಲ್ಲಿಂದ ತಲೆ ಎತ್ತುತ್ತದೆ ಎಂದು. ತಂಗಿಯ ಹನ್ನೊಂದು ವರ್ಷ ಅವನನ್ನು ಅಲುಗಿಸಿರಲಿಲ್ಲ, ಎರಡು ಸಂಬಂಧ ಅಲುಗಿಸಿರಲಿಲ್ಲ, ಒಂದು ಸಾಲು ಅಲುಗಿಸಿತು. ಆದರೆ ಬೈದು ಬೈದು ಸುಸ್ತಾದ ಮೇಲೆ ಅವನು ಗೋಡೆಗೆ ಒರಗಿ ಕೂತ. ಊಟಕ್ಕೆ ತೋಳು ಹಿಡಿದು ಕರೆದರೂ ಏಳಲಿಲ್ಲ. ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಆರೂ ಮುಕ್ಕಾಲಿಗೆ ತಂಗಿ ಸ್ಟೇಷನ್ನಿಗೆ ಬಂದಳು. ಅಣ್ಣ ಎಂದಿನಂತೆ ಕಿಟಕಿಯ ಬಳಿ ಕೂತ. ಅವಳು ಹಿಂದಿನ ಕೋಣೆಗೆ ಹೋಗಿ ಬ್ಯಾಟರಿಗಳ ಮುಚ್ಚಳ ತೆಗೆದು ಆಸಿಡ್ ನೋಡತೊಡಗಿದಳು. ನಾಲ್ಕನೆಯ ಬ್ಯಾಟರಿಗೆ ಬಂದಾಗ ಮುಂದಿನ ಕೋಣೆಯಿಂದ ಕೀಯ ಸದ್ದು ಕೇಳಿಸಿತು.

ಆ ಕೈ ಯಾರದೆಂದು ಮೊದಲು ಅವಳಿಗೇ ತಿಳಿಯಲಿಲ್ಲ. ತಡವರಿಸುತ್ತಿತ್ತು, ಗೆರೆಗಳು ಒಂದೊಂದು ಒಂದೊಂದು ಉದ್ದ. ಆಮೇಲೆ ಮಾತು ಕಿವಿಗೆ ಬಿತ್ತು. "ನಾನು ರಾಗಣ್ಣ. ನನಗೆ ಕಿವಿ ಹೋಗಿ ಹನ್ನೊಂದು ವರ್ಷ. ಇಷ್ಟು ವರ್ಷ ನೀವೆಲ್ಲ ಕೇಳಿದ ಕೈ ನನ್ನ ತಂಗಿಯದು. ಅವಳನ್ನು ನಿನ್ನೆ ಫೇಲ್ ಮಾಡಿದ್ದು ಅನ್ಯಾಯ. ನನ್ನ ಲೈಸೆನ್ಸ್ ಇವತ್ತೇ ಹಿಂದಕ್ಕೆ ಕಳಿಸುತ್ತೇನೆ."

ಅವಳು ಓಡಿ ಬಂದಳು. ಅಣ್ಣ ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದ, ಕೆನ್ನೆಯ ಮೇಲೆ ನೀರು ಇಳಿದಿತ್ತು. ಅವಳ ಎದೆ ತುಂಬಿ ಬಂತು, ಅದೇ ಹೊತ್ತಿಗೆ ಭಯವೂ ಆಯಿತು. ಇಡೀ ತೀರ ಕೇಳಿರುತ್ತದೆ. ಗಡಿಯಾರ ಕೇಳಿರುತ್ತಾರೆ. ಆಗ ಅವಳ ಕಣ್ಣು ಅಣ್ಣನ ಬೆನ್ನ ಹಿಂದಿನ ತಗಡಿನ ಪೆಟ್ಟಿಗೆಯ ಮೇಲೆ ಬಿತ್ತು.

ನಾಲ್ಕು ಬಲ್ಬುಗಳು ಮಿಣಮಿಣ ಉರಿಯುತ್ತಿದ್ದವು.

ಲಿವರ್ ಕೆಳಗಿತ್ತು. ಬೆಳಿಗ್ಗೆ ಅದನ್ನು ಎತ್ತುವುದು ಹನ್ನೊಂದು ವರ್ಷದಿಂದ ಅವಳ ಕೆಲಸ. ಹಾಗೊಂದು ಕೆಲಸ ಇದೆ ಎಂಬುದೇ ಅಣ್ಣನಿಗೆ ಮರೆತುಹೋಗಿತ್ತು. ಅವನ ಒಂದಕ್ಷರವೂ ಹೊರಗೆ ಹೋಗಿರಲಿಲ್ಲ. ಮೂವತ್ತಮೂರು ವರ್ಷದಿಂದ ಆಪರೇಟರ್ ಆಗಿದ್ದವನು ತನ್ನ ಬದುಕಿನ ಅತಿ ದೊಡ್ಡ ಮಾತನ್ನು ಒಂದು ಡಬ್ಬಕ್ಕೆ ಹೇಳಿ ಬಿಸಿ ಮಾಡಿದ್ದ.

ಕೊನೆಯ ಅಕ್ಷರ ಒತ್ತಿ ಅಣ್ಣ ಕಣ್ಣು ತೆರೆದ. "ಹೇಳ್ಬಿಟ್ಟೆ ಪುಟ್ಟಿ. ಹೆಡ್‌ಫೋನ್ ಹಾಕ್ಕೋ. ಏನಂದ್ರು ಅವರು?"

ಏನು ಹೇಳಿದರೂ ಅವನು ನಂಬುತ್ತಿದ್ದ. ಹನ್ನೊಂದು ವರ್ಷ ಜಗತ್ತು ಅವನಿಗೆ ಏನಂದಿತು ಎಂದು ತಿಳಿದದ್ದೆಲ್ಲ ಅವಳ ಬೆರಳಿನಿಂದ. ಎಲ್ಲರೂ ಕ್ಷಮಿಸಿದರು ಅಣ್ಣ, ಲೈಸೆನ್ಸ್ ಬೇಡ ಎಂದರು, ಹಾಗೇ ಇರಿ ಎಂದರು ಎಂದು ತಟ್ಟಿದರೆ ಮುಗಿಯಿತು. ಅವನ ಮನಸ್ಸು ಹಗುರ, ಅತ್ತಿಗೆಯ ಮನೆ ಭದ್ರ, ಗಡಿಯಾರದ ಕೆಲಸ ಭದ್ರ. ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು. ಆಮೇಲೆ ತಟ್ಟಿದಳು.

"ಇನ್ನೂ ಹೋಗಿಲ್ಲ. ಲಿವರ್ ನೋಡು."

ಅಣ್ಣ ತಿರುಗಿದ. ಲಿವರ್ ನೋಡಿದ, ಪೆಟ್ಟಿಗೆ ನೋಡಿದ. ಆ ಗಳಿಗೆಯಲ್ಲಿ ಅವನ ಮುಖದ ಮೇಲೆ ಒಂದು ನೆಮ್ಮದಿ ಹಾದುಹೋಯಿತು. ಬೀಸುವ ದೊಣ್ಣೆ ತಪ್ಪಿಸಿಕೊಂಡವನ ನೆಮ್ಮದಿ. ಚಿಕ್ಕದು, ಆದರೆ ಅವಳು ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ತಲೆ ತಗ್ಗಿಸಿದ. ಲಿವರ್ ಅವನ ಕೈಗೆ ಎಟಕುವಷ್ಟೇ ದೂರದಲ್ಲಿತ್ತು. ಕೈ ಮೇಲೇಳಲಿಲ್ಲ.

ಏಳಕ್ಕೆ ಎರಡು ನಿಮಿಷ ಇತ್ತು. ತಂಗಿ ಹೋಗಿ ಲಿವರನ್ನು ಮೇಲಕ್ಕೆ ಎತ್ತಿದಳು. ಪೆಟ್ಟಿಗೆಯ ಸಂಪರ್ಕ ತಪ್ಪಿತು. ಅವಳು ಕುರ್ಚಿಯ ಪಕ್ಕ ನಿಂತು ಕಾದಳು, ಅಣ್ಣ ಎದ್ದು ಜಾಗ ಬಿಟ್ಟ. ಬೇಡ ಅನ್ನಲಿಲ್ಲ, ಒತ್ತು ಎಂದೂ ಅನ್ನಲಿಲ್ಲ. ಮೇಜಿನ ಅಂಚಿನಲ್ಲಿ ಮಂಡಿಯೂರಿ ಕೂತು ಹಲಗೆಯ ಮೇಲೆ ಬೆರಳ ತುದಿ ಇಟ್ಟ.

ಹೆಡ್‌ಫೋನಿನಲ್ಲಿ ಗಡಿಯಾರ ಕರೆಯಿತು: ರಾಗಣ್ಣ, ಬನ್ನಿ.

ಅಣ್ಣನ ಈಗಿನ ಕೈಯಲ್ಲಿ ಆ ಮಾತು ಹೋಗಿದ್ದರೂ ಯಾರೂ ನಂಬುತ್ತಿರಲಿಲ್ಲ, ಯಾರೋ ಪುಂಡರು ಕೀ ಮುಟ್ಟಿದ್ದಾರೆ ಎನ್ನುತ್ತಿದ್ದರು. ರಾಗಣ್ಣನ ಕೈ ಈಗ ಈ ಭೂಮಿಯ ಮೇಲೆ ಇದ್ದದ್ದು ಅವಳ ಬಳಿ ಮಾತ್ರ. ಅವಳು ಅದೇ ಕೈಯಲ್ಲಿ, ಪ್ರತಿ ಮಾತಿನ ಕೊನೆಯ ಗೆರೆ ಎಳೆದು, ಅಣ್ಣ ಹೇಳಿದ್ದನ್ನೆಲ್ಲ ಒಂದು ಪದವೂ ಬಿಡದೆ ಒತ್ತಿದಳು. ಗಾಳಿ ಎಷ್ಟು, ಅಲೆ ಎಷ್ಟು, ಮೋಡ ಎಷ್ಟು ಎಂದೂ ಒತ್ತಿದಳು, ದೋಣಿಗಳು ಕಾಯುತ್ತಿದ್ದವು. ಕೊನೆಯಲ್ಲಿ ಆಪರೇಟರ್ ಹೆಸರು ಹಾಕುವ ಕಡೆ, ಹಾಕಲು ತನ್ನದೆಂಬ ಹೆಸರು ಆ ಗಾಳಿಯಲ್ಲಿ ಇಲ್ಲದ್ದರಿಂದ, "ಇದು ತಂಗಿ" ಎಂದು ಒತ್ತಿದಳು.

ಹಲಗೆಯ ಮೇಲಿನ ಅಣ್ಣನ ಬೆರಳುಗಳು ಕೊನೆಯ ಗೆರೆಯ ಎಳೆತಕ್ಕಾಗಿ ಕಾದವು. ಅವಳು ಎಳೆಯಲಿಲ್ಲ.